ಹಿಮದಲ್ಲಿ ಬೀಳಲು ಹೋದ ಕಂಡಕ್ಟರಮ್ಮ

ಇದನ್ನು ಟೈಪ್ ಮಾಡುವಾಗಲೂ ನನ್ನ ಮಂಡಿ ನೋಯುತ್ತಿದೆ... ಆದರೂ ಹೇಳಲೇಬೇಕು. ಕೈಯಲ್ಲಿರೋ ಕೆಲಸ ಎರಡು ನಿಮಿಷ ಬದಿಗಿಟ್ಟು ಓದಿಬಿಡಿ.

ಈ ಜನವರಿಯಲ್ಲಿ ಉತ್ತರಾಖಂಡದ ಬೆಟ್ಟವೊಂದಕ್ಕೆ ಏಳು ದಿನದ ಸ್ಕೀಯಿಂಗ್ ಕ್ಯಾಂಪಿಗೆ ಹೋಗಿದ್ದೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್.

ಗುರುತ್ವ ಕೇಂದ್ರದ ಪಾಠವನ್ನು ಹದಿನಾಲ್ಕು ವರ್ಷ ಮಾಡಿದ್ದೇನೆ... ನನ್ನದು ಎಲ್ಲಿದೆ ಎಂದು ಗೊತ್ತಾಗಿದ್ದು ಮಾತ್ರ ಅಲ್ಲಿ, ದೊಪ್ಪೆಂದು ಬಿದ್ದಾಗ!

ನನ್ನ ರೂಮಿನಲ್ಲಿ ಜೊತೆಗಿದ್ದವರು ಗುರುಸಿದ್ದವ್ವ. ವಯಸ್ಸು ಐವತ್ತೊಂದು. ಗದಗ ಕಡೆ ಇಪ್ಪತ್ತಾರು ವರ್ಷದಿಂದ ಬಸ್ ಕಂಡಕ್ಟರ್.

ಉಳಿದವರೆಲ್ಲ ಕಾಲೇಜು ವಯಸ್ಸಿನವರು. ಬೆಳಿಗ್ಗೆ ಆರೂವರೆಗೆ, ಮೈನಸ್ ಆರು ಡಿಗ್ರಿ ಚಳಿಯಲ್ಲಿ ಓಟ, ಬಸ್ಕಿ... ಆಮೇಲೆ ಕಲ್ಲಿನಂಥ ಬೂಟು ಹಾಕಿ, ಉದ್ದನೆಯ ಸ್ಕೀ ಕಟ್ಟಿಕೊಂಡು, ಅಡ್ಡಡ್ಡ ಹೆಜ್ಜೆ ಇಡುತ್ತಾ ದಿಬ್ಬ ಹತ್ತಬೇಕು.

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಕ್ಕಾ?" ಎಂದು ಮೊದಲ ದಿನವೇ ಕೇಳಿದೆ. ನನ್ನ ನಾಲಿಗೆಯೇ ಹಾಗೆ, ಸುಮ್ಮನಿರುವುದಿಲ್ಲ.

"ಬೀಳೂದು ಕಲಿಯಾಕ ಬಂದೀನ್ರಿ ಟೀಚರ್ರ," ಅಂದರು.

ತಮಾಷೆ ಅಂದುಕೊಂಡೆ. ಅಲ್ಲ...

ಏಳು ತಿಂಗಳ ಹಿಂದೆ ಅವರ ಬಸ್ಸಿಗೆ ಎಮ್ಮೆ ಅಡ್ಡ ಬಂದಿತ್ತು. ಗಕ್ಕನೆ ಬ್ರೇಕ್. ಟಿಕೆಟ್ ಕೊಡುತ್ತಿದ್ದ ಅಕ್ಕ ಮುಗ್ಗರಿಸಿ ಬಿದ್ದು ಎಡಗೈ ಮುರಿದುಕೊಂಡರು.

ಮೂಳೆ ಕೂಡಿತು. ಡಾಕ್ಟರು ಫಿಟ್ ಎಂದು ಬರೆದೂ ಕೊಟ್ಟರು. ಆದರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಮೈಯೆಲ್ಲ ಗಡಗಡ ನಡುಕ...

ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು. ಸಾಕು, ಸ್ವಯಂ ನಿವೃತ್ತಿ ತೊಗೊಳ್ಳಲಿ. ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

"ಬೀಳೋ ಅಂಜಿಕಿ ಹೋಗಬೇಕಂದ್ರ ದಿನಾ ಬೀಳಬೇಕ್ರಿ. ಊರಾಗ ಬಿದ್ರ ಎಲ್ಲಾರೂ ಅಯ್ಯೋ ಪಾಪ ಅಂತಾರ. ಅಯ್ಯೋ ಅನ್ನದ ಜಾಗಾ ಇದೊಂದ ನೋಡ್ರಿ!"

ಮನೆಯಲ್ಲಿ ಹರಿದ್ವಾರ ಯಾತ್ರೆ ಎಂದು ಸುಳ್ಳು ಹೇಳಿ ಬಂದಿದ್ದರು, ಮಹಾತಾಯಿ!

ಬಿದ್ದರು ನೋಡಿ... ಎರಡನೇ ದಿನ ಒಂದರಲ್ಲೇ ಹದಿನೇಳು ಸಲ. ಪ್ರತಿ ಸಲವೂ ಹಿಂದಕ್ಕೇ. ಟ್ರೇನರ್ ನೇಗಿ ಸರ್ "ಮುಂದಕ್ಕೆ ಬಾಗಿ, ಮುಂದಕ್ಕೆ!" ಎಂದು ಹಿಂದಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡರು.

ನಾಲ್ಕನೇ ದಿನ ಅವರ ಯಜಮಾನರ ವಿಡಿಯೋ ಕಾಲ್ ಬಂತು.

"ಏನಲೇ, ಹರಿದ್ವಾರದಾಗ ಇಷ್ಟು ಹಿಮ ಯಾವಾಗ ಬಿತ್ತು?"

ಗುಟ್ಟು ರಟ್ಟಾಯಿತು. ಬೈಗುಳ ಶುರುವಾಯಿತು. ಕೊನೆಗೆ, "ನಿವೃತ್ತಿ ಅರ್ಜಿ ಟೈಪ್ ಮಾಡಿಸಿಟ್ಟೀನಿ. ಬಂದಕೂಡ್ಲೇ ಸಹಿ ಮಾಡು, ಮುಗೀತು!"

ಫೋನ್ ಇಟ್ಟ ಅಕ್ಕ ಒದ್ದೆ ಕಾಲುಚೀಲ ಹಿಂಡಿ ಕಿಟಕಿಗೆ ಒಣಹಾಕಿದರು.

ಆಮೇಲೆ ಅಂದರು, "ಕಡೀ ದಿನ ಆ ದೊಡ್ಡ ದಿಬ್ಬ ಇಳದೆ ಅಂದ್ರ ಡ್ಯೂಟಿಗೆ ಹೋಗ್ತೀನಿ. ಇಲ್ಲಂದ್ರ... ಅವರು ತೋರಿಸಿದಲ್ಲಿ ಸಹಿ."

ಕೊನೆಯ ದಿನ ಬಂತು. ಎಲ್ಲರೂ ದೊಡ್ಡ ದಿಬ್ಬದಿಂದ ಒಬ್ಬೊಬ್ಬರೇ ಇಳಿಯಬೇಕು. ನೇಗಿ ಸರ್ ಮೆತ್ತಗೆ, "ಮಾತಾಜೀ, ನೀವು ಕೆಳಗೆ ನಿಂತು ಎಲ್ಲರ ಫೋಟೋ ತೆಗೆಯಿರಿ" ಅಂದರು.

"ಫೋಟೋ ತೆಗಿಯಾಕ ಇಷ್ಟು ದೂರ ಬಂದಿಲ್ಲ ನಾ! ಸರೀರಿ ಆ ಕಡೆ!" ಅಕ್ಕ ಅಚ್ಚ ಗದಗಿನ ಕನ್ನಡದಲ್ಲೇ ಸಿಡಿದರು. ನೇಗಿ ಸರ್‌ಗೆ ಕನ್ನಡ ಬಾರದು... ಆದರೆ ಅರ್ಥ ಪೂರ್ತಿ ಆಯಿತು. ಸರಿದು ನಿಂತರು.

ದಿಬ್ಬದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಇಳಿಜಾರು ಬಂದ ಕೂಡಲೇ ಯಾಕೆ ಹಿಂದಕ್ಕೆ ವಾಲ್ತೀರಿ?" ಎಂದು ಕೇಳಿದೆ.

"ಇಪ್ಪತ್ತಾರು ವರ್ಷದ ರೂಢಿ ಅಲ್ರೀ... ಬಸ್ಸು ಘಾಟ್ ಇಳಿಯೋ ಮುಂದ ಹಿಂದಕ್ಕ ವಾಲಿ ನಿಂದರಬೇಕು. ಡ್ರೈವರ್ ಯಾವಾಗ ಬ್ರೇಕ್ ಹಾಕ್ತಾನೋ, ನಮಗೇನ ಗೊತ್ತಿರ್ತದ..."

ಕೆಳಗೆ ನೋಡಿದರು. ತಮ್ಮ ಕಾಲು ನೋಡಿಕೊಂಡರು.

"ಅಲ್ರೀ ಟೀಚರ್ರ... ಇಲ್ಲಿ ಡ್ರೈವರ್ ಯಾರು? ನಾನಽ ಅಲ್ಲೇನು!"

ಹೊರಟೇಬಿಟ್ಟರು! ಮಂಡಿ ಬಗ್ಗಿಸಿ, ಎದೆ ಮುಂದಕ್ಕೆ ಚಾಚಿ...

ಅರ್ಧ ದಾರಿಯಲ್ಲಿ ಸ್ಕೀ ಜಾರಿತು. ಬಿದ್ದರು. ನೇಗಿ ಸರ್ ಓಡಿದರು.

ಅಕ್ಕ ಬಿದ್ದಲ್ಲಿಂದಲೇ ಕೈ ಎತ್ತಿ ತಡೆದರು... ಮುರಿದು ಕೂಡಿದ ಅದೇ ಎಡಗೈ.

ಯಾರ ಸಹಾಯವೂ ಇಲ್ಲದೆ ಎದ್ದರು. ಹಿಮ ಕೊಡವಿಕೊಂಡರು. ಮತ್ತೆ ಮುಂದಕ್ಕೆ ಬಾಗಿದರು. ಕೆಳಗಿನವರೆಗೂ ಇಳಿದು, ತಾವೇ ನಿಂತರು.

ನಿಂತವರು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ಬೀಳುತ್ತಾ ಏಳುತ್ತಾ ಕೆಳಗಿಳಿದು ಬಂದು ನಾನೂ ಅತ್ತೆ. "ನಿಮಗೇನಾತ್ರೀ ಟೀಚರ್ರ?" ಎಂದು ಅಳುತ್ತಲೇ ನನ್ನನ್ನು ಗದರಿದರು!

ಊರಿಗೆ ಬಂದ ವಾರಕ್ಕೆ, ಒಂದು ಭಾನುವಾರ, ಅವರ ಮೆಸೇಜ್. "ಅರ್ಜಿ ಹಿಂದ ಸಂತಿ ಚೀಟಿ ಬರದು ನಮ್ಮ ಯಜಮಾನ್ರ ಕೈಯಾಗ ಕೊಟ್ಟೆ. ಕಾಯಿಪಲ್ಲೆ ತಂದಾರ."

ಮರುದಿನ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್. ಇಂಜಿನ್ ಸದ್ದು, ಜನರ ಗದ್ದಲ, ಅದರ ನಡುವೆ ಗಟ್ಟಿ ದನಿ...

"ಒಳಗ ನಡೀರಿ, ಒಳಗ! ಯಾರ್ರೀ ಟಿಕೆಟ್, ಟಿಕೆಟ್..."

ನನಗೆಂದು ಒಂದು ಮಾತೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ನಾಲ್ಕು ಸಲ ಕೇಳಿದೆ... ಕಣ್ಣು ತುಂಬಿ ಬಂತು.

*ಬದುಕಿನ ಸ್ಟೀರಿಂಗ್ ನಿಮ್ಮ ಕೈಯಲ್ಲಿರುವಾಗ, ಹಿಂದಕ್ಕೆ ವಾಲಿ ನಿಲ್ಲಬೇಡಿ.*

ನಿಮ್ಮನ್ನು ಒಂದು ಮಾತೂ ಕೇಳದೆ ಯಾರೋ ಟೈಪ್ ಮಾಡಿಸಿಟ್ಟಿರುವ ಅರ್ಜಿ ನಿಮ್ಮ ಮುಂದೆಯೂ ಇದೆಯಾ... ಸಹಿ ಮಾಡ್ತೀರಾ?