ಕೊನೆಗೆ ಏಳುವವರು

ಕ್ಲಾಸು ಮುಗಿದು ಒಬ್ಬೊಬ್ಬರೇ ಏಳತೊಡಗಿದರು. ಟೈಲರಮ್ಮ ಏಳಲಿಲ್ಲ. ಬಾಗಿಲ ಪಕ್ಕದ ಮೂಲೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು, ಗಟ್ಟಿಯಾಗಿಯೇ ಇದ್ದ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕೂರುವಾಗ ಮೈಭಾರವೇ ಅವಳನ್ನು ಕೂರಿಸಿಬಿಟ್ಟಿತ್ತು; ಏಳಿಸುವ ಹೊಣೆ ಅದರದಲ್ಲವಲ್ಲ!

ಇದು ಅವಳ ಮೊದಲ ದಿನ. ವ್ಯಾಯಾಮಕ್ಕೆ ಬಂದವರಲ್ಲಿ ಅರ್ಧ ಜನ ಅವಳ ಗಿರಾಕಿಗಳೇ. ಯಾರ ಸೊಂಟಕ್ಕೆ ಟೇಪು ಸುತ್ತಿದರೂ ಅಳತೆಯನ್ನು ಬಾಯಿಬಿಟ್ಟು ಹೇಳಿದವಳಲ್ಲ ಅವಳು. ಈಗ ಅವರೆಲ್ಲ ಟೇಪಿಲ್ಲದೆಯೇ ತನ್ನನ್ನು ಅಳೆಯುತ್ತಿದ್ದಾರೆ ಎಂದು ಅವಳಿಗೆ ಉದ್ದಕ್ಕೂ ಅನ್ನಿಸಿತ್ತು. ಎಲ್ಲರೂ ಬಲಕ್ಕೆ ಬಾಗಿದರೆ ತಾನು ಎಡಕ್ಕೆ. ಎಲ್ಲರೂ ಕುಪ್ಪಳಿಸಿದರೆ ತನ್ನ ಸದ್ದೊಂದೇ ಹಲಗೆಯ ನೆಲದಲ್ಲಿ ಬೇರೆಯಾಗಿ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್ ಮೇಡಂ, ಕಡ್ಡಿಯಂಥ ಹೆಂಗಸು, ಒಮ್ಮೆ ಹಿಂತಿರುಗಿ ಹುಬ್ಬು ಗಂಟಿಕ್ಕಿದಾಗಲಂತೂ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬಿಟ್ಟರೂ ಅದರ ಬಾಯಿಗೆ ತಾನು ಹಿಡಿಸುವುದಿಲ್ಲ ಎಂಬ ಯೋಚನೆಯೂ ಬೆನ್ನಿಗೇ ಬಂತು.

ಆದರೂ ಬಂದಿದ್ದಳು. ಮಂಚದ ಪಕ್ಕ ಮೊಣಕಾಲೂರಿ ದೇವರಿಗೆ ನಾಲ್ಕು ಮಾತು ಹೇಳುವುದು ಅವಳ ಚಿಕ್ಕಂದಿನ ರೂಢಿ. ಮೈ ಭಾರವಾದ ಮೇಲೆ ಏಳುವುದಕ್ಕೆ ಗಂಡ ಕೈಕೊಡುತ್ತಿದ್ದ; "ಎಲ್ಲಾ ಕೇಳಿಸಿಕೊಂಡಾಯ್ತಂತೆ, ಏಳು ಇನ್ನ" ಎಂದು ನಗುತ್ತಿದ್ದ. ಆ ಕೈ ಇಲ್ಲವಾಗಿ ವರ್ಷವಾಯಿತು. ಅಂದಿನಿಂದ ಕುರ್ಚಿಯಲ್ಲಿ ಕೂತೇ ಪ್ರಾರ್ಥನೆ. ದೇವರು ತಪ್ಪು ತಿಳಿಯುವವನಲ್ಲ, ಅದು ಅವಳಿಗೂ ಗೊತ್ತು. ಮನಸ್ಸು ಮಾತ್ರ ಒಪ್ಪಿರಲಿಲ್ಲ. ತೂಕ ಇಳಿಯಲಿ, ಬಿಡಲಿ, ಯಾರ ಕೈಯೂ ಹಿಡಿಯದೆ ನೆಲದಿಂದ ಏಳುವಂತಾದರೆ ಸಾಕಿತ್ತು.

ಕಲಿಸುವ ಹುಡುಗಿ "ಬರ್ತೀನಿ ಆಂಟಿ, ನಾಳೇನೂ ತಪ್ಪಿಸಬೇಡಿ" ಎಂದು ಹೊರಟುಹೋದಳು. ಟೈಲರಮ್ಮ ತಲೆಯೆತ್ತಿದಳು. ಕೋಣೆ ಖಾಲಿಯಾಗಿತ್ತು, ಒಬ್ಬರ ಹೊರತು. ಹೆಡ್ ಮೇಡಂ ತಮ್ಮ ಚಾಪೆಯ ಮೇಲೆ ಸಾವಕಾಶವಾಗಿ ಕನ್ನಡಕ ಒರೆಸುತ್ತಿದ್ದರು. ಇವರೊಬ್ಬರು ತೊಲಗಲಿ, ಆಮೇಲೆ ಉರುಳಿಯೋ ಗೋಡೆ ಹಿಡಿದೋ ಎದ್ದರಾಯಿತು ಎಂದುಕೊಂಡು ಟೈಲರಮ್ಮ ಇನ್ನೊಂದು ಶೂಗೆ ಕೈಹಾಕಿದಳು. ಮೇಡಂ ಕನ್ನಡಕಕ್ಕೆ ಮತ್ತೊಮ್ಮೆ ಬಾಯಿಂದ ಹಬೆ ಊದಿದರು.

"ಹೊರಡೋದಿಲ್ವಾ ಮೇಡಂ?"

"ನೀನು ಹೊರಡಮ್ಮ. ನಾನು ಯಾವಾಗ್ಲೂ ಕೊನೇಲಿ ಹೋಗೋದು."

"ನನಗೇನೂ ಅವಸರ ಇಲ್ಲ."

"ನನಗೂ ಇಲ್ಲ."

ಹೊರಗೆ, ಅದೇ ಕೋಣೆಯಲ್ಲಿ ಮುಂದಿನ ಸರದಿಗೆ ಅಭ್ಯಾಸ ಮಾಡುವ ವಾದ್ಯದವರು ಬಂದು ಬಾಗಿಲು ತಟ್ಟಿದರು. ಮೇಡಂ ಗೋಡೆಯ ಕಡೆ ನೋಡಿ, "ಅಲ್ಲೊಂದು ಬೆಂಚು ಇರ್ತಿತ್ತು. ಎಲ್ಲಿ ಹಾಳಾಗಿ ಹೋಯ್ತು?" ಎಂದರು.

"ಬರುವಾಗ ನೋಡಿದೆ, ಬಣ್ಣ ಹೊಡೆಯೋಕೆ ಅಂಗಳದಲ್ಲಿ ಹಾಕಿದ್ದಾರೆ. ಯಾಕೆ ಮೇಡಂ?"

ಒಂದು ಶಾಲೆಯನ್ನೇ ಕಣ್ಸನ್ನೆಯಲ್ಲಿ ಆಳಿದ ಮುಖ ಕೆಂಪಾಯಿತು. "ಅದನ್ನ ಹಿಡ್ಕೊಳ್ದೆ ನನಗೆ ಏಳೋಕಾಗಲ್ಲ ಕಣಮ್ಮ. ಮಂಡಿ ಬಗ್ಗುತ್ತೆ, ಮೇಲಕ್ಕೆ ಎತ್ತಲ್ಲ. ಅದಕ್ಕೇ ಎಲ್ಲರನ್ನೂ ಸಾಗಹಾಕಿ ಆಮೇಲೆ ಏಳ್ತೀನಿ. ಇವತ್ತು ನೋಡಿದ್ರೆ ನೀನು ಜಪ್ಪಯ್ಯ ಅಂದ್ರೂ ಜಾಗ ಬಿಡ್ತಿಲ್ಲ!"

"ಅಯ್ಯೋ ದೇವರೇ, ನೀವು ಹೋಗ್ಲಿ ಅಂತ ನಾನು ಕೂತಿದ್ದೀನಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಯಾರೋ, ಆಮೇಲೆ ನಗು ಇಬ್ಬರ ಹತೋಟಿಗೂ ಸಿಗಲಿಲ್ಲ.

"ಮತ್ತೆ ನಾನು ಕುಣಿದಾಗ ತಿರುಗಿ ದುರುಗುಟ್ಟಿದ್ರಲ್ಲ ಮೇಡಂ?"

"ನಿನ್ನನ್ನ ಯಾರು ನೋಡಿದ್ರು? ಬೆಂಚು ಕಾಣಲಿಲ್ಲವಲ್ಲ ಅಂತ ನನ್ನ ಜೀವ ಹಾರಿಹೋಗಿತ್ತು!"

ಮೇಡಂ ಕೂತಲ್ಲಿಂದಲೇ ಜರುಗುತ್ತ ಮೂಲೆಗೆ ಬಂದರು. "ಏಳೋ ಉಪಾಯ ನನಗೆ ಗೊತ್ತು, ಆಧಾರ ಇಲ್ಲ. ಮೊದಲು ನೀನು ಏಳು, ಆಮೇಲೆ ನನಗೆ ಬೆಂಚಾಗು. ಮಗ್ಗುಲಿಗೆ ಹೊರಳು. ಹ್ಞಾಂ. ಅಂಬೆಗಾಲಿಗೆ ಬಾ. ಈಗ ಒಂದು ಪಾದ ಮುಂದಿಡು. ಕೈ ಎರಡೂ ಆ ಮಂಡಿ ಮೇಲೆ. ಉಸಿರು ಬಿಡ್ತಾ ಒತ್ತು. ನೆಲ ಯಾಕೆ ನೋಡ್ತೀಯ? ಅದು ಎಲ್ಲಿಗೂ ಓಡಿಹೋಗಲ್ಲ. ಕಿಟಕಿ ನೋಡು!"

ಮೊದಲ ಸಲ ಟೈಲರಮ್ಮ ಧೊಪ್ಪನೆ ಹಿಂದಕ್ಕೆ ಕೂತಳು. "ಶಾಲೆಯಲ್ಲಿ ನಪಾಸಾದವರನ್ನ ನಾನು ಹಾಗೇ ಬಿಟ್ಟಿದ್ದಿಲ್ಲ" ಎಂದರು ಮೇಡಂ. ಮತ್ತೆ ಹೊರಳಿದಳು. ಮತ್ತೆ ಪಾದ ಮುಂದಿಟ್ಟಳು. ತೊಡೆ ನಡುಗಿತು, ಬೆವರು ಕಣ್ಣಿಗಿಳಿಯಿತು, ಕಿಟಕಿ ನಿಧಾನವಾಗಿ ಕೆಳಗೆ ಬಂತು. ನೋಡಿದರೆ ನಿಂತಿದ್ದಳು. ಯಾರೂ ಕೈಕೊಟ್ಟಿರಲಿಲ್ಲ.

ಮೇಡಂ ಅವಳ ಸೊಂಟವನ್ನು ಕಂಬದಂತೆ ಬಾಚಿ ಹಿಡಿದು ಮೇಲೆದ್ದರು. ಸೆರಗು ಕೊಡವಿಕೊಳ್ಳುತ್ತ, "ಆ ಬೆಂಚು ಅಲ್ಲಾಡ್ತಿತ್ತು. ನೀನು ಒಂದಿಷ್ಟೂ ಅಲ್ಲಾಡಲಿಲ್ಲ ನೋಡು" ಎಂದರು. ತನ್ನ ಮೈಯನ್ನು ಒಬ್ಬರು ಹೊಗಳಿದ್ದನ್ನು ಟೈಲರಮ್ಮ ಕೇಳಿದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ, ಒಂದು ಮಂಡಿಯ ಹಿಂದೆ ಇನ್ನೊಂದನ್ನು ಊರಿ, ಮತ್ತೆ ನೆಲಕ್ಕಿಳಿದಳು.

"ಅಯ್ಯೋ! ಅಷ್ಟು ಒದ್ದಾಡಿ ಎದ್ದು ಮತ್ಯಾಕಮ್ಮ? ಏನಾದ್ರೂ ಬಿತ್ತಾ?"

ಟೈಲರಮ್ಮನ ಕಣ್ಣು ಮುಚ್ಚಿತ್ತು, ಕೈ ಮುಗಿದಿತ್ತು, ತುಟಿಗಳು ಮಾತ್ರ ಅಲುಗುತ್ತಿದ್ದವು.

ವಾದ್ಯದವನೊಬ್ಬ ಬಾಗಿಲು ತಳ್ಳಿ, "ಇನ್ನೂ ಎಷ್ಟು ಹೊತ್ತು ಮೇಡಂ?" ಎಂದು ಇಣುಕಿದ.

ಹೆಡ್ ಮೇಡಂ ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ ಹೇಳಿದರು: "ಸ್ವಲ್ಪ ತಾಳಪ್ಪ. ಕ್ಲಾಸು ಇನ್ನೂ ಮುಗಿದಿಲ್ಲ."