ಇನ್ನೊಂದು ಕಣ್ಣು

ತಂಗಿ ಕೈ ತೊಳೆಯಲು ಹೋದದ್ದೇ ತಡ, ಇದ್ದಿಲಿನ ಗೆರೆ ಅಳಿಸಲು ಹಿಟ್ಟಿನಂತೆ ನಾದಿಕೊಳ್ಳುವ ಮೆತ್ತನೆಯ ರಬ್ಬರನ್ನು ಅಕ್ಕ ಎತ್ತಿಕೊಂಡಳು. ತಂಗಿಯ ಬೆರಳಿನ ಬಿಸಿ ಅದರಲ್ಲಿನ್ನೂ ಆರಿರಲಿಲ್ಲ. ಬೆಳಗಿನಿಂದ ಮನೆಗೆ ಬಂದವರೆಲ್ಲ ತಂಗಿ ಇದ್ದಿಲಿನಲ್ಲಿ ಬರೆದ ಅಮ್ಮನ ಚಿತ್ರ ನೋಡಿ, "ಥೇಟ್ ನಿಮ್ಮಮ್ಮನೇ!" ಎಂದು ಅಕ್ಕನ ಹೊಟ್ಟೆ ಉರಿಸಿದ್ದರು. ಅಕ್ಕನೂ ಚಿತ್ರ ಬರೆಯುತ್ತಾಳೆಂದು ಒಬ್ಬರಿಗೂ ನೆನಪಾಗಿರಲಿಲ್ಲ.

ರಬ್ಬರನ್ನು ಹಿಂಡಿ ಚೂಪು ಮಾಡಿ, ಚಿತ್ರ ಕೆಟ್ಟುಹೋಗಲಿ ಎಂದೇ ಅಮ್ಮನ ಕಪ್ಪು ಕಣ್ಣಿಗೆ ಒತ್ತಿದಳು. ಕಣ್ಣು ಕದಡಲಿಲ್ಲ. ಒತ್ತಿದಷ್ಟೇ ಜಾಗದ ಮಸಿ ರಬ್ಬರಿಗೆ ಅಂಟಿಕೊಂಡು ಬಂದು, ಅಲ್ಲೊಂದು ಬಿಳಿ ಚುಕ್ಕೆ ಹೊಳೆಯಿತು.

"ಅಕ್ಕಾ! ಕಣ್ಣಿಗೆ ಜೀವ ಬಂತು ನೋಡು! ನಾನೆಷ್ಟು ಒದ್ದಾಡಿದ್ರೂ ಬಂದಿರ್ಲಿಲ್ಲ," ಎನ್ನುತ್ತಾ ತಂಗಿ ಹಿಂದಿನಿಂದ ಬಂದು ತಬ್ಬಿಕೊಂಡಳು. "ಇನ್ನೊಂದು ಕಣ್ಣಿಗೂ ಚುಕ್ಕೆ ನೀನೇ ಇಡು."

ಅಕ್ಕನ ಕೈ ಮೇಲೇಳಲಿಲ್ಲ. ಜೀವ ಬಂದ ಆ ಒಂದೇ ಕಣ್ಣಿನಿಂದ ಅಮ್ಮ ಅವಳನ್ನೇ ನೋಡುತ್ತಿದ್ದಳು.