ಐದೇ ಐದು ಚುಕ್ಕೆ

ಸೊನ್ನೆ ಎಂದು ಬರೆದುಬಿಟ್ಟರೆ ಯಾರಿಗೆ ತಿಳಿಯುತ್ತದೆ? ಲ್ಯಾಬ್ ಟೆಕ್ನಿಶಿಯನ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಲಸಿಕೆಗೆ ಎಚ್ಚೆತ್ತು ಸೋಂಕಿನ ವಿರುದ್ಧ ಹೋರಾಡುವ ಒಂದೊಂದು ಟಿ-ಕೋಶವೂ ಪರೀಕ್ಷೆಯ ತಟ್ಟೆಯ ಗುಳಿಯಲ್ಲಿ ಒಂದೊಂದು ನೀಲಿ ಚುಕ್ಕೆ ಬಿಡುತ್ತದೆ. ಬೇರೆಯವರ ಗುಳಿಗಳಲ್ಲಿ ಇನ್ನೂರು, ಮುನ್ನೂರು ಚುಕ್ಕೆಗಳಿದ್ದವು. ಲಸಿಕೆಯ ಪ್ರಯೋಗಕ್ಕೆ ಸೇರಿದ್ದ ಟೈಲರಮ್ಮನ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿತ್ತು. ಅವಳ ಗುಳಿಯಲ್ಲಿ ಐದೇ ಐದು.

"ಇನ್ನೂ ಅದನ್ನೇ ನೋಡ್ತಾ ಕೂತಿದ್ದೀರಾ?" ಹಿಂದೆ ಬಂದು ನಿಂತ ಡಾಕ್ಟರಮ್ಮ ಕೇಳಿದರು. "ಅಷ್ಟು ವೈರಸ್ ಇದ್ದೋರಿಗೆ ಲಸಿಕೆ ಹತ್ತಲ್ಲ ರೀ. ಸೊನ್ನೆ ಹಾಕಿ, ಎರಡನೇ ಡೋಸ್ ಪಟ್ಟಿಯಿಂದ ತೆಗೀರಿ."

"ಐದಿದೆ ಮೇಡಂ."

"ಐದೂ ಒಂದೇ, ಸೊನ್ನೆನೂ ಒಂದೇ. ಆ ಕೋಶಗಳು ಸುಸ್ತಾಗಿ ಬಿದ್ದಿವೆ."

"ಸುಸ್ತಾಗಿವೆ ಮೇಡಂ, ಸತ್ತಿಲ್ಲ. ಔಷಧಿಯಿಂದ ವೈರಸ್ ಇಳೀಲಿ, ಆಮೇಲೆ ಇನ್ನೊಂದು ಡೋಸ್ ಕೊಟ್ಟು ನೋಡೋಣ."

"ನನಗೇ ಪಾಠ ಹೇಳ್ತೀರಾ? ಸರಿ, ಸಹಿ ನಿಮ್ಮದು. ಕಮಿಟಿ ಮುಂದೆ ನೀವೇ ನಿಂತ್ಕೋಬೇಕು."

"ನಿಂತ್ಕೋತೀನಿ."

ಅವನು ಪೆನ್ನು ಎತ್ತಿಕೊಂಡು, ಕಾಗದ ಹರಿಯುವಷ್ಟು ಒತ್ತಿ 5 ಎಂದು ಬರೆದ. ಯಾರೂ ತಿದ್ದಬಾರದೆಂದು ಪಕ್ಕದಲ್ಲಿ ಅಕ್ಷರದಲ್ಲೂ ಬರೆದು, ಕೆಳಗೆ ಸಹಿ ಹಾಕಿದ. ಡಾಕ್ಟರಮ್ಮ ಕಾಗದವನ್ನು ನೋಡಿದರು, ಅವನ ಮುಖವನ್ನು ನೋಡಿದರು, ಹೊರಟುಹೋದರು.

ಆ ರಕ್ತ ತೆಗೆದವನೂ ಅವನೇ. ಅವತ್ತು ಟೈಲರಮ್ಮ ತೋಳು ಮಡಚಿಕೊಳ್ಳುತ್ತಾ, "ಅಣ್ಣಾ, ನನ್ನ ಮೈಯಲ್ಲಿ ಇನ್ನೂ ಕಸುವಿದೆ ಅಲ್ವಾ?" ಎಂದು ಕೇಳಿದ್ದಳು. ಹತ್ತಿ ಒತ್ತಿ ಹಿಡ್ಕೊಳ್ಳಮ್ಮ ಎಂದಿದ್ದನೇ ಹೊರತು, ಇದೆ ಎಂದು ಅವನು ಹೇಳಿರಲಿಲ್ಲ.